ಟೆಕ್ ಲೀಡ್ ಆದ ಮೊದಲ ಮೂರು ತಿಂಗಳು: ಯಾವುದು ಮೊದಲು, ಯಾವುದು ಆಮೇಲೆ

ಚೆನ್ನಾಗಿ ಕೋಡ್ ಬರೆಯುವವರನ್ನು ಒಂದು ದಿನ ಕರೆದು "ಇನ್ಮೇಲೆ ಈ ಟೀಮ್ ನೀವೇ ನೋಡ್ಕೊಳ್ಳಿ" ಅಂತಾರೆ. ಅಭಿನಂದನೆಯ ಮೇಲ್ ಬರುತ್ತದೆ. ಕೆಲಸ ಏನು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಇವರು ರಾತ್ರಿ ಹನ್ನೊಂದಕ್ಕೆ ಬೇರೆಯವರ ಕೋಡ್ ತಿದ್ದುತ್ತಾ ಕೂತಿರುತ್ತಾರೆ. ಟೀಮಿನವರು ಬೆಳಗ್ಗೆ ಇವರು ಬರುವ ತನಕ ಕಾಯುತ್ತಾರೆ. ಹೊಸ ಲೀಡ್‌ಗಳು ಒಬ್ಬರಾದ ಮೇಲೆ ಒಬ್ಬರು ಇದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ.

ಒಳ್ಳೆಯ ಲೀಡ್‌ಗೆ ಇರಬೇಕಾದ ಗುಣಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ತಾಳ್ಮೆ ಇರಬೇಕು, ಮುಂದಾಲೋಚನೆ ಇರಬೇಕು, ಮಾತು ಬರಬೇಕು. ಅದನ್ನು ಓದಿದರೆ ಸೋಮವಾರ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಇಲ್ಲಿ ಆ ಗುಣಗಳನ್ನು ಕೆಲಸಗಳಾಗಿ ಬಿಡಿಸಿ, ಮಾಡಬೇಕಾದ ಕ್ರಮದಲ್ಲಿ ಇಟ್ಟಿದ್ದೇನೆ. ಹೆಚ್ಚಿನವರು ಎಡವುವುದು ಕ್ರಮದಲ್ಲೇ. ಬಂದ ವಾರವೇ ಕೆಲಸ ಹಂಚಿಬಿಡುತ್ತಾರೆ, ಬರೆದ ಕೋಡ್ ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್‌ಗೆ, ಹೋಗುವ ದಾರಿ ಸರಿಯಿದೆಯಾ ಅಂತ ಆಮೇಲೆ ನೋಡುತ್ತಾರೆ.

ನಾಲ್ಕರಿಂದ ಎಂಟು ಜನರ ಸಾಫ್ಟ್‌ವೇರ್ ಟೀಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಟೀಮ್ ಇನ್ನೂ ದೊಡ್ಡದಾಗಿದ್ದರೆ ಮೊದಲು ಅದನ್ನು ಎರಡು ಮಾಡಿಸಿಕೊಳ್ಳಿ.

## ಶುರು ಮಾಡುವ ಮೊದಲು ಬೇಕಾದದ್ದು

ಜಾಸ್ತಿ ಏನೂ ಬೇಡ. ಟೀಮಿನವರೆಲ್ಲ ಓದಬಹುದಾದ ಒಂದು ಡಾಕ್ಯುಮೆಂಟ್, ನೀವೊಬ್ಬರೇ ಓದುವ ಒಂದು ನೋಟ್‌ಬುಕ್. ಪ್ರೊಡಕ್ಷನ್ ಲಾಗ್ ಮತ್ತು ಅಲರ್ಟ್‌ಗಳನ್ನು ನೋಡುವ ಅನುಮತಿ. ಮ್ಯಾನೇಜರ್ ಜೊತೆ ವಾರಕ್ಕೆ ಅರ್ಧ ಗಂಟೆ, ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಆಗಿರಲಿ. ಜೊತೆಗೆ ದಿನಕ್ಕೆ ಎರಡು ಗಂಟೆ ಯಾವ ಮೀಟಿಂಗೂ ಇಲ್ಲದ ಸಮಯ. ಈ ಕೊನೆಯದು ಸಿಗುವುದೇ ಕಷ್ಟ. ಕೇಳದೆ ಸಿಗುವುದಂತೂ ಇಲ್ಲ.

ಹೊಸ ಟೂಲ್ ತರಬೇಡಿ. ಕೆಲಸದ ಪಟ್ಟಿ ಇಡಲು ಜಿರಾ ಇದ್ದರೆ ಜಿರಾ, ಎಕ್ಸೆಲ್ ಇದ್ದರೆ ಎಕ್ಸೆಲ್. ಬಂದ ತಿಂಗಳೇ ಟೂಲ್ ಬದಲಿಸಿದರೆ ಟೀಮಿನ ಒಂದು ತಿಂಗಳು ಅದಕ್ಕೇ ಹೋಗುತ್ತದೆ.

## ಹಂತ 1: ನಿಮ್ಮ ಕೆಲಸದ ಗಡಿ ಕೇಳಿ ತಿಳಿದುಕೊಳ್ಳಿ

ಟೆಕ್ ಲೀಡ್ ಅಂದರೆ ಏನು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಕಡೆ ಅಪ್ರೈಸಲ್ ರೇಟಿಂಗ್ ಕೂಡ ಲೀಡ್ ಕೊಡುತ್ತಾರೆ. ಇನ್ನೊಂದು ಕಡೆ ರಜೆ ಮಂಜೂರು ಮಾಡುವ ಅಧಿಕಾರವೂ ಇರುವುದಿಲ್ಲ. ಹಾಗಾಗಿ ಮೊದಲ ವಾರವೇ ಮ್ಯಾನೇಜರ್ ಹತ್ತಿರ ಈ ನಾಲ್ಕು ಪ್ರಶ್ನೆ ಕೇಳಿ.

ಡೆಲಿವರಿ ತಾರೀಖನ್ನು ಕ್ಲೈಂಟ್‌ಗೆ ಹೇಳುವವರು ಯಾರು? ಡಿಸೈನ್ ಬಗ್ಗೆ ಇಬ್ಬರು ಜಗಳವಾಡಿದರೆ ಕೊನೆ ಮಾತು ಯಾರದು? ರೇಟಿಂಗ್‌ನಲ್ಲಿ ನನ್ನ ಮಾತಿಗೆ ಎಷ್ಟು ತೂಕ? ನಾನು ಎಷ್ಟು ಕೋಡ್ ಬರೆಯಬೇಕು ಅಂತ ನೀವು ಅಂದುಕೊಂಡಿದ್ದೀರಿ?

ಉತ್ತರ ಬಾಯಲ್ಲೇ ಬರುತ್ತದೆ. ಅದನ್ನು ನಾಲ್ಕು ಸಾಲು ಮಾಡಿ ಮೇಲ್ ಹಾಕಿ: "ನಾವು ಮಾತಾಡಿದ್ದು ಹೀಗೆ, ತಪ್ಪಿದ್ದರೆ ತಿದ್ದಿ." ಆರು ತಿಂಗಳಾದ ಮೇಲೆ ಈ ಮೇಲ್ ಬಹಳ ಕೆಲಸಕ್ಕೆ ಬರುತ್ತದೆ.

ಎಚ್ಚರಿಕೆ: "ಎಲ್ಲಾನೂ ನೀವೇ, ಕೋಡ್ ಕೂಡ ಪೂರ್ತಿ" ಅಂತ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ. ಐದು ಜನರ ಟೀಮ್ ನೋಡಿಕೊಂಡು ಮೊದಲಿನಷ್ಟೇ ಟಿಕೆಟ್ (ಪಟ್ಟಿಯಲ್ಲಿ ಹಾಕಿದ ಒಂದೊಂದು ಕೆಲಸ) ಮುಗಿಸಲು ಆಗುವುದಿಲ್ಲ. ಅರ್ಧ ಸಮಯ ಕೋಡ್ ಅಂತ ಶುರು ಮಾಡಿ, ತಿಂಗಳಾದ ಮೇಲೆ ಮತ್ತೆ ಮಾತಾಡೋಣ ಅನ್ನಿ.

## ಹಂತ 2: ಎರಡು ವಾರ ಏನೂ ಬದಲಿಸಬೇಡಿ

ಇದು ಕೇಳಲು ಸುಲಭ, ಮಾಡಲು ಕಷ್ಟ. ಹೊಸ ಲೀಡ್‌ಗೆ ಕೈ ತುರಿಸುತ್ತಿರುತ್ತದೆ. ಹಳೆಯ ಕೋಡ್ ನೋಡಿ "ಇದನ್ನೆಲ್ಲ ಹೊಸದಾಗಿ ಬರೆಯಬೇಕು" ಅಂತ ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಸಣ್ಣ ಮೀಟಿಂಗ್) ಹೇಳಿಬಿಡುತ್ತಾರೆ. ಅದನ್ನು ಬರೆದವರು ಅಲ್ಲೇ ಎದುರಿಗೆ ಕೂತಿರುತ್ತಾರೆ. ಆಮೇಲೆ ಅವರಿಂದ ಒಂದು ಸತ್ಯ ಕೇಳಲು ಆರು ತಿಂಗಳು ಬೇಕು.

ಈ ಎರಡು ವಾರದಲ್ಲಿ ಮಾಡಬೇಕಾದದ್ದು ಎರಡೇ. ಮೊದಲನೆಯದು, ಪ್ರತಿಯೊಬ್ಬರ ಜೊತೆ ಒಬ್ಬರೇ ಕೂತು ಮಾತು. ಮೀಟಿಂಗ್ ರೂಮೇ ಆಗಬೇಕಿಲ್ಲ, ಕ್ಯಾಂಟೀನ್ ಆದರೂ ಸರಿ. "ಹೇಗಿದೆ ಕೆಲಸ?" ಅಂದರೆ "ಚೆನ್ನಾಗಿದೆ ಸರ್" ಅಂತ ಬಂದು ನಿಲ್ಲುತ್ತದೆ. ಬದಲಿಗೆ ಹೀಗೆ ಕೇಳಿ: ಹೋದ ತಿಂಗಳು ಯಾವ ಕೆಲಸ ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ತಗೊಂಡಿತು? ಯಾವ ಫೈಲ್ ಮುಟ್ಟಲು ಭಯ ಆಗುತ್ತದೆ? ಯಾರು ರಜೆ ಹಾಕಿದರೆ ನಿಮ್ಮ ಕೆಲಸ ನಿಲ್ಲುತ್ತದೆ?

ಬೆಂಗಳೂರಿನ ಟೀಮ್‌ಗಳಲ್ಲಿ ಒಂದು ವಿಷಯ ಗಮನಿಸಬೇಕು. ಹಾವೇರಿಯಿಂದಲೋ ಚಾಮರಾಜನಗರದಿಂದಲೋ ಬಂದ ಫ್ರೆಶರ್ ಮೀಟಿಂಗ್‌ನಲ್ಲಿ ಬಾಯಿ ಬಿಡದೆ ಕೂತಿದ್ದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತ ತೀರ್ಮಾನ ಮಾಡಬೇಡಿ. ಒಬ್ಬರೇ ಸಿಕ್ಕಾಗ ಕನ್ನಡದಲ್ಲೇ "ಈ ಫ್ಲೋ ಹೇಗೆ ಓಡುತ್ತೆ, ಹೇಳಿ ನೋಡೋಣ" ಅನ್ನಿ. ಇಂಗ್ಲಿಷಿನಲ್ಲಿ ಎರಡು ವಾಕ್ಯಕ್ಕೆ ನಿಂತವರು ಇಲ್ಲಿ ಕಾಲು ಗಂಟೆ ಬಿಡಿಸಿ ಹೇಳಬಹುದು. ಹಾಗಂತ ತಮಿಳು, ತೆಲುಗು, ಹಿಂದಿಯವರೂ ಇರುವ ಮೀಟಿಂಗ್‌ನಲ್ಲಿ ನೀವಿಬ್ಬರೇ ಕನ್ನಡಕ್ಕೆ ತಿರುಗಿದರೆ ಉಳಿದವರು ಹೊರಗುಳಿದ ಹಾಗಾಗುತ್ತದೆ. ಅಲ್ಲಿ ಎಲ್ಲರಿಗೂ ಬರುವ ಭಾಷೆಯೇ ಇರಲಿ.

ಎರಡನೆಯದು, ಯಾರಿಗೆ ಏನು ಗೊತ್ತು ಅನ್ನುವ ನಕ್ಷೆ. ಎಡಗಡೆ ಸಿಸ್ಟಮ್‌ನ ಭಾಗಗಳು: ಲಾಗಿನ್, ಪೇಮೆಂಟ್, ರಿಪೋರ್ಟ್, ರಾತ್ರಿ ಓಡುವ ಜಾಬ್‌ಗಳು. ಮೇಲುಗಡೆ ಜನರ ಹೆಸರು. ಯಾರು ಯಾವ ಭಾಗವನ್ನು ಯಾರನ್ನೂ ಕೇಳದೆ ಸರಿಮಾಡಬಲ್ಲರೋ ಅಲ್ಲಿ ಗುರುತು ಹಾಕಿ. ಕೋಡ್ ಇಡುವ ಗಿಟ್‌ನಲ್ಲಿ ಒಂದೊಂದು ಫೋಲ್ಡರ್‌ನ ಕಮಿಟ್‌ಗಳನ್ನು, ಅಂದರೆ ಬದಲಾವಣೆಗಳನ್ನು, ಯಾರು ಹಾಕಿದ್ದಾರೆ ಅಂತ ನೋಡಿದರೆ ಬಾಯಿಮಾತಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಒಂದೇ ಗುರುತಿರುವ ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿ. ಆ ಒಬ್ಬರು ನಾಳೆ ನೋಟಿಸ್ ಕೊಟ್ಟರೆ ನಿಮಗೆ ಉಳಿಯುವುದು ಅವರ ನೋಟಿಸ್ ಪೀರಿಯಡ್ ಮಾತ್ರ. ಕೆಟಿ (ಗೊತ್ತಿರುವುದನ್ನು ಮುಂದಿನವರಿಗೆ ಹೇಳಿಕೊಡುವುದು) ಅಂತ ಕೊನೆಯ ವಾರ ನಾಲ್ಕು ರೆಕಾರ್ಡಿಂಗ್ ಮಾಡಿಸಿಕೊಂಡರೆ ಅದನ್ನು ಯಾರೂ ನೋಡುವುದಿಲ್ಲ.

ಎಚ್ಚರಿಕೆ: ನಕ್ಷೆಯ ತುಂಬ ನಿಮ್ಮ ಹೆಸರೇ ಇದ್ದರೆ ಹೆಮ್ಮೆ ಪಡಬೇಡಿ. ಮುಂದಿನ ಹಂತಗಳಲ್ಲಿ ಕಡಿಮೆ ಮಾಡಬೇಕಾದದ್ದು ಅದನ್ನೇ.

## ಹಂತ 3: ಪ್ರೊಡಕ್ಷನ್‌ಗೆ ಹೋಗುವ ದಾರಿ ಸರಿಮಾಡಿ

ಕೆಲಸ ಹಂಚುವ ಮೊದಲೇ ಇದನ್ನು ಮಾಡುವುದಕ್ಕೆ ಕಾರಣವಿದೆ. ಡೆಪ್ಲಾಯ್ ಮಾಡಲು, ಅಂದರೆ ಹೊಸ ಕೋಡನ್ನು ಪ್ರೊಡಕ್ಷನ್‌ಗೆ ಹಾಕಲು, ಭಯ ಇರುವ ಟೀಮಿನಲ್ಲಿ ಯಾರೂ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಪ್ರತಿ ಬದಲಾವಣೆಗೂ "ಸರ್, ನೀವೊಮ್ಮೆ ನೋಡಿ" ಅಂತ ನಿಮ್ಮ ಹತ್ತಿರ ಬರುತ್ತಾರೆ. ಅವರನ್ನು ಸೋಮಾರಿಗಳು ಅನ್ನುವ ಹಾಗಿಲ್ಲ. ಕೆಟ್ಟರೆ ವಾಪಸ್ ಬರುವ ದಾರಿ ಅವರಿಗೆ ಕಾಣುತ್ತಿಲ್ಲ, ಅಷ್ಟೇ.

ಎರಡು ಘಟನೆ ನೋಡಿ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟಿನ ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ಹೊಸ ಕೋಡ್ ಎಂಟು ಸರ್ವರ್‌ಗಳಿಗೆ ಹೋಗಬೇಕಿತ್ತು, ಏಳಕ್ಕೆ ಮಾತ್ರ ಹೋಯಿತು. ಎಂಟನೆಯದರಲ್ಲಿ ಎಷ್ಟೋ ವರ್ಷದಿಂದ ಬಳಸದ ಹಳೆಯ ಕೋಡ್ ಇನ್ನೂ ಇತ್ತು. ಹೊಸ ಕೆಲಸಕ್ಕೆ ಅಂತ ಅದನ್ನು ಶುರು ಮಾಡುತ್ತಿದ್ದ ಅದೇ ಹಳೆಯ ಫ್ಲ್ಯಾಗ್ (ಕೋಡ್‌ನೊಳಗಿನ ಸ್ವಿಚ್) ಬಳಸಿದ್ದರಿಂದ ಅದು ಎದ್ದು ಕೂತು ಆರ್ಡರ್ ಹಾಕುತ್ತಾ ಹೋಯಿತು. ಕಾರಣ ಗೊತ್ತಾಗದೆ, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು. ಅನಾಹುತ ಇನ್ನೂ ಹೆಚ್ಚಾಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ.

ಇನ್ನೊಂದು, ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನದು, 2017ರ ಜನವರಿ 31. ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೈರೆಕ್ಟರಿಯನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ತಕ್ಷಣ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಲು ಹೋದರೆ ಅದು ಓಡಿಯೇ ಇರಲಿಲ್ಲ. ಫೇಲ್ ಆಗಿದೆ ಅಂತ ಹೋಗುತ್ತಿದ್ದ ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ಪ್ರತಿ.

ಇವೆರಡನ್ನೂ ಎದುರಿಗಿಟ್ಟುಕೊಂಡು ನಿಮ್ಮ ಟೀಮಿನಲ್ಲಿ ಈ ಕ್ರಮದಲ್ಲಿ ಹೋಗಿ.

1. ಡೆಪ್ಲಾಯ್ ಹೇಗೆ ಮಾಡುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ, ಒಂದೊಂದು ಹೆಜ್ಜೆಯನ್ನೂ ಬರೆದುಕೊಳ್ಳಿ. ಬರೆದದ್ದನ್ನು ನೋಡಿಕೊಂಡು, ಹಿಂದೆ ಡೆಪ್ಲಾಯ್ ಮಾಡದ ಒಬ್ಬರಿಂದ ಮಾಡಿಸಿ. ಅವರು ಎಲ್ಲಿ ನಿಂತರೋ ಅಲ್ಲಿ ನಿಮ್ಮ ಬರಹ ಅರ್ಧಂಬರ್ಧ ಇದೆ ಅಂತ ಅರ್ಥ.
2. ರೋಲ್‌ಬ್ಯಾಕ್ ಮಾಡಿ, ಅಂದರೆ ಹಳೆಯ ಕೋಡ್‌ಗೆ ವಾಪಸ್ ಹೋಗಿ, ನೋಡಿ. ಸಮಸ್ಯೆ ಇಲ್ಲದ ದಿನ, ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ಸಿಸ್ಟಮ್). ಡೇಟಾಬೇಸ್ ಬದಲಾವಣೆ ಇದ್ದರೆ ಹಳೆಯ ಕೋಡ್ ಹೊಸ ಟೇಬಲ್ ಮೇಲೆ ಓಡುತ್ತದಾ ಅಂತ ನೋಡಿ. ಕಾಲಮ್ ಹೆಸರು ಬದಲಿಸುವಾಗ ಮೊದಲು ಹೊಸ ಕಾಲಮ್ ಸೇರಿಸಬೇಕು, ಆಮೇಲೆ ಎರಡಕ್ಕೂ ಬರೆಯಬೇಕು, ಹಳೆಯ ಡೇಟಾ ನಕಲು ಮಾಡಬೇಕು, ಓದುವುದನ್ನು ಹೊಸದಕ್ಕೆ ತಿರುಗಿಸಬೇಕು. ಹಳೆಯದನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಇನ್ನೊಂದು ಡೆಪ್ಲಾಯ್‌ನಲ್ಲಿ.
3. ಬ್ಯಾಕಪ್‌ನಿಂದ ಒಂದು ಖಾಲಿ ಸರ್ವರ್‌ಗೆ ಡೇಟಾ ವಾಪಸ್ ತನ್ನಿ. ತಂದು ನೋಡದ ಬ್ಯಾಕಪ್ ಇಲ್ಲದ್ದಕ್ಕೆ ಸಮ. ಎಷ್ಟು ಹೊತ್ತು ಹಿಡಿಯಿತು ಬರೆದಿಡಿ.
4. ಶುಕ್ರವಾರ ಸಂಜೆ ಡೆಪ್ಲಾಯ್ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ನಿಯಮವೇ. ಆದರೆ ಬುಧವಾರ ಮಧ್ಯಾಹ್ನವೂ ಭಯ ಆಗುತ್ತಿದ್ದರೆ ಸಮಸ್ಯೆ ವಾರದ್ದಲ್ಲ.

ಕ್ಲೈಂಟ್‌ಗೆ 99.9 ಪರ್ಸೆಂಟ್ ಅಪ್‌ಟೈಮ್ ಅಂತ ಮಾತು ಕೊಟ್ಟಿದ್ದರೆ 30 ದಿನದಲ್ಲಿ ಸಿಸ್ಟಮ್ ನಿಂತಿರಬಹುದಾದದ್ದು ಸುಮಾರು 43 ನಿಮಿಷ ಮಾತ್ರ. ನಿಮ್ಮ ರೋಲ್‌ಬ್ಯಾಕ್‌ಗೇ 40 ನಿಮಿಷ ಬೇಕಿದ್ದರೆ ತಿಂಗಳಿಗೆ ಒಂದೇ ತಪ್ಪಿಗೆ ಜಾಗ. ಈ ಲೆಕ್ಕವನ್ನು ಮ್ಯಾನೇಜರ್‌ಗೆ ತೋರಿಸಿ. ಈ ಹಂತಕ್ಕೆ ಸಮಯ ಸಿಗುವುದು ಹೀಗೇ.

## ಹಂತ 4: ಕೆಲಸ ಬಿಟ್ಟುಕೊಡಿ

ಹೊಸ ಲೀಡ್‌ಗಳು ಸೋಲುವುದು ಇಲ್ಲೇ. "ನಾನೇ ಮಾಡಿದರೆ ಎರಡು ಗಂಟೆ, ಅವರಿಗೆ ಹೇಳಿಕೊಟ್ಟರೆ ಎರಡು ದಿನ." ಲೆಕ್ಕ ಸರಿಯಾಗಿಯೇ ಇದೆ, ಮೊದಲನೇ ಸಲಕ್ಕೆ. ಅದೇ ಥರದ ಕೆಲಸ ವರ್ಷದಲ್ಲಿ ಮೂವತ್ತು ಸಲ ಬರುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಯಾವ ಟಿಕೆಟ್ ನೀವು ತೆಗೆದುಕೊಳ್ಳಬಾರದು ಅಂತ ಗೊತ್ತು ಮಾಡಿಕೊಳ್ಳಿ. ಬೇರೆಯವರು ಕಾದು ಕೂರುವಂಥ ಟಿಕೆಟ್ ನಿಮಗೆ ಬೇಡ. ನಿಮ್ಮ ದಿನ ಯಾವಾಗ ಮೀಟಿಂಗ್‌ಗೆ ಹೋಗುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ. ನಿಮ್ಮ ಟಿಕೆಟ್ ನಿಂತರೆ ಮೂವರು ನಿಲ್ಲುತ್ತಾರೆ. ನಿಮಗೆ ಸರಿಹೊಂದುವುದು ಸಣ್ಣ ಬಗ್‌ಗಳು, ಹೊಸ ಲೈಬ್ರರಿ ಸರಿಹೋಗುತ್ತದಾ ಅಂತ ನೋಡುವ ಪ್ರಯೋಗ, ಟೆಸ್ಟ್‌ಗಳು, ಯಾರಿಗೂ ಬೇಡವಾದ ಲಾಗ್ ಶುಚಿ ಮಾಡುವ ಕೆಲಸ. ಬೇಜಾರಾಗುತ್ತದೆ, ನಿಜ. ಒಳ್ಳೆಯ ಫೀಚರ್ ಬೇರೆಯವರು ಬರೆಯುವುದನ್ನು ನೋಡುತ್ತಾ ಕೂರುವುದೂ ಈ ಕೆಲಸದ ಭಾಗ.

ಕೆಲಸ ಕೊಡುವಾಗ ಮೂರು ವಿಷಯ ಹೇಳಬೇಕು. ಏನಾದರೆ ಕೆಲಸ ಮುಗಿಯಿತು ಅಂತ. ಯಾವುದನ್ನು ಮುಟ್ಟಬಾರದು ಅಂತ. ಯಾವಾಗ ನಿಮ್ಮ ಹತ್ತಿರ ಬರಬೇಕು ಅಂತ. ಹೇಗೆ ಮಾಡಬೇಕು ಅನ್ನುವ ನಾಲ್ಕನೆಯ ವಿಷಯ ಹೇಳಲು ಬಾಯಿ ತುದಿಗೆ ಬರುತ್ತದೆ. ತಡೆದುಕೊಳ್ಳಿ.

"ರಿಪೋರ್ಟ್ ಪೇಜ್ ಸ್ಲೋ ಇದೆ, ನೋಡಿ" ಅನ್ನುವುದು ಕೆಲಸ ಕೊಟ್ಟ ಹಾಗಲ್ಲ. "ಇನ್ನೂರು ಆರ್ಡರ್ ಇರುವ ಅಂಗಡಿಯ ರಿಪೋರ್ಟ್ ಎರಡು ಸೆಕೆಂಡ್ ಒಳಗೆ ತೆರೆಯಬೇಕು. ಬಿಲ್ಲಿಂಗ್ ಟೇಬಲ್ ಬದಲಿಸಬೇಡಿ. ಅರ್ಧ ದಿನ ಆದ ಮೇಲೂ ಕಾರಣ ಸಿಗದಿದ್ದರೆ ಬನ್ನಿ." ಇದು ಸರಿ.

ಅವರು ಬಂದಾಗ ಹೇಗೆ ಮಾತಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

"ಸರ್, ಅದು ಇನ್ನೂ ಸ್ಲೋ ಇದೆ. ಏನ್ ಮಾಡ್ಲಿ?"

"ಟೈಮ್ ಎಲ್ಲಿ ಹೋಗ್ತಿದೆ ನೋಡಿದ್ರಾ?"

"ಡೇಟಾಬೇಸ್ ಅನ್ಸುತ್ತೆ."

"ಅನ್ಸೋದು ಬೇಡ, ಎಣಿಸಿ. ಪೇಜ್ ಒಂದ್ಸಲ ತೆರೆದ್ರೆ ಎಷ್ಟು ಕ್ವೆರಿ ಓಡುತ್ತೆ ಲಾಗ್‌ನಲ್ಲಿ ನೋಡಿ. ನಾಲ್ಕು ಗಂಟೆಗೆ ಇಬ್ಬರೂ ಕೂತು ನೋಡೋಣ."

ನಾಲ್ಕು ಗಂಟೆಗೆ ಅವರೇ ಉತ್ತರದ ಜೊತೆ ಬರುತ್ತಾರೆ. ಆರ್ಡರ್ ಪಟ್ಟಿಗೆ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಆಮೇಲೆ ಒಂದೊಂದು ಆರ್ಡರ್‌ನ ಗ್ರಾಹಕರ ಹೆಸರಿಗೆ ಒಂದೊಂದು. ಒಟ್ಟು 201. ಎರಡು ಟೇಬಲ್ ಸೇರಿಸಿ ಓದುವ ಜಾಯಿನ್ ಹಾಕಿದರೆ ಒಂದೇ ಸಾಕು. ಈ ಉತ್ತರ ನಿಮಗೆ ಬೆಳಗ್ಗೆಯೇ ಗೊತ್ತಿತ್ತು. ಆಗಲೇ ಹೇಳಿದ್ದರೆ ಅವರ ಅರ್ಧ ದಿನ ಉಳಿಯುತ್ತಿತ್ತು. ಮುಂದಿನ ಸಲವೂ ಅವರು ನಿಮ್ಮ ಹತ್ತಿರವೇ ಬರುತ್ತಿದ್ದರು.

ಹಾಗಂತ ಪ್ರತಿ ಪ್ರಶ್ನೆಗೂ ಪ್ರಶ್ನೆಯನ್ನೇ ಎಸೆಯಬೇಡಿ. ವಿಪಿಎನ್ ಪಾಸ್‌ವರ್ಡ್ ಎಲ್ಲಿ ಸಿಗುತ್ತದೆ ಅಂತ ಕೇಳಿದವರಿಗೆ ಪಾಠ ಬೇಕಿಲ್ಲ, ಲಿಂಕ್ ಬೇಕು. ಪ್ರೊಡಕ್ಷನ್ ಕೆಟ್ಟು ಕೂತಿರುವಾಗಲೂ ಪಾಠ ಬೇಡ.

ಕೊಟ್ಟ ಕೆಲಸ ವಾಪಸ್ ಕಿತ್ತುಕೊಳ್ಳುವುದು ದೊಡ್ಡ ತಪ್ಪು. ತಾರೀಖು ಹತ್ತಿರ ಬಂತು ಅಂತ ರಾತ್ರಿ ಕೂತು ನೀವೇ ಬರೆದು ಬೆಳಗ್ಗೆ ಮರ್ಜ್ ಮಾಡಿದರೆ, ಆ ಹುಡುಗನೋ ಹುಡುಗಿಯೋ ಇನ್ನೊಂದು ಸಲ ಮನಸ್ಸಿಟ್ಟು ಮಾಡುವುದಿಲ್ಲ. ತೀರಾ ಅನಿವಾರ್ಯವಾದರೆ ಅವರ ಜೊತೆ ಕೂತು, ಕೀಬೋರ್ಡ್ ಅವರ ಕೈಯಲ್ಲೇ ಇಟ್ಟು ಮುಗಿಸಿ.

ಎಚ್ಚರಿಕೆಯ ಲಕ್ಷಣಗಳು: ಸ್ಟ್ಯಾಂಡಪ್‌ನಲ್ಲಿ ಎಲ್ಲರೂ ನಿಮ್ಮ ಮುಖ ನೋಡಿಯೇ ಮಾತಾಡುತ್ತಾರೆ. ಒಬ್ಬರ ಟಿಕೆಟ್ ಮೂರು ದಿನದಿಂದ "ಆಲ್ಮೋಸ್ಟ್ ಡನ್" ಆಗಿಯೇ ಇದೆ. ನೀವು ಡೆಂಟಿಸ್ಟ್ ಹತ್ತಿರ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ಮೆಸೇಜ್ ಬಂದಿವೆ. ಈ ಮೂರರಲ್ಲಿ ಎರಡು ಕಂಡರೂ ಈ ಹಂತಕ್ಕೆ ವಾಪಸ್ ಬನ್ನಿ.

## ಹಂತ 5: ಕೋಡ್ ರಿವ್ಯೂಗೆ ನಿಯಮ ಮಾಡಿ

ಕೋಡ್ ಸೇರಿಸುವ ಮೊದಲು ಇನ್ನೊಬ್ಬರು ಓದಿ ನೋಡುವುದೇ ರಿವ್ಯೂ. ಅದರ ಕಮೆಂಟ್ ಓದುವವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಲೀಡ್ ಬರೆದ ಸಣ್ಣ ಸಲಹೆಯೂ ಅಲ್ಲಿ ಆಜ್ಞೆ ಆಗುತ್ತದೆ. ಅದಕ್ಕೆ ಪ್ರತಿ ಕಮೆಂಟ್‌ನ ಮುಂದೆ ಮೂರರಲ್ಲಿ ಒಂದು ಗುರುತು ಹಾಕುವ ಅಭ್ಯಾಸ ಮಾಡಿ: "ಮಾಡಲೇಬೇಕು", "ಮಾಡಿದರೆ ಒಳ್ಳೇದು", "ಸುಮ್ನೆ ಕೇಳ್ತಿದ್ದೇನೆ".

"ಇದು ಸರಿಯಿಲ್ಲ" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. "ಮಾಡಲೇಬೇಕು: ಗ್ರಾಹಕರ ಫೋನ್ ನಂಬರ್ ಪೂರ್ತಿ ಲಾಗ್‌ಗೆ ಹೋಗುತ್ತಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಇಟ್ಟರೆ ಹುಡುಕಲು ಸಾಕಾಗುತ್ತದಾ ನೋಡಿ" ಅಂತ ಬರೆದರೆ ಏನು ತಪ್ಪು, ಯಾಕೆ, ಮುಂದೇನು ಮೂರೂ ಸಿಕ್ಕಿತು.

ಸ್ಪೇಸ್, ಬ್ರ್ಯಾಕೆಟ್, ಹೆಸರಿನ ಶೈಲಿ ಇವನ್ನೆಲ್ಲ ಇದನ್ನು ತಾವೇ ನೋಡುವ ಫಾರ್ಮ್ಯಾಟರ್ ಮತ್ತು ಲಿಂಟರ್ ಟೂಲ್‌ಗಳಿಗೆ ಬಿಟ್ಟುಬಿಡಿ. ಮೆಷಿನ್ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. 400 ಸಾಲು ದಾಟಿದ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅಂತ ಕಳಿಸುವ ಕೋಡ್ ಬದಲಾವಣೆ) ಬಂದರೆ ಒಡೆದು ಕಳಿಸಲು ಹೇಳಿ. ಅಷ್ಟು ದೊಡ್ಡದನ್ನು ಯಾರೂ ಓದುವುದಿಲ್ಲ, ಕೊನೆಗೆ "ಎಲ್‌ಜಿಟಿಎಂ" (ಲುಕ್ಸ್ ಗುಡ್ ಟು ಮಿ) ಅಂತ ಒತ್ತಿ ಮುಗಿಸುತ್ತಾರೆ. ಎಲ್ಲ ರಿವ್ಯೂ ನಿಮ್ಮ ಹತ್ತಿರವೇ ಬರುವುದೂ ಬೇಡ. ಹಂತ 2ರ ನಕ್ಷೆಯಲ್ಲಿ ಕೆಂಪು ಇರುವ ಭಾಗಗಳನ್ನು ಬೇಕಂತಲೇ ಎರಡನೆಯವರಿಂದ ರಿವ್ಯೂ ಮಾಡಿಸಿ. ನಕ್ಷೆಯಲ್ಲಿ ಎರಡನೇ ಗುರುತು ಬರುವುದು ಹೀಗೆ.

ನಿಮ್ಮ ಕೋಡ್ ಕೂಡ ರಿವ್ಯೂಗೆ ಹೋಗಬೇಕು. ಫ್ರೆಶರ್ ಅದರಲ್ಲಿ ಒಂದು ತಪ್ಪು ಹಿಡಿದರೆ ಎಲ್ಲರಿಗೂ ಕಾಣುವ ಹಾಗೆ ಥ್ಯಾಂಕ್ಸ್ ಹೇಳಿ, ತಿದ್ದಿ.

## ಹಂತ 6: ತೀರ್ಮಾನಗಳನ್ನು ಬರೆದಿಡಿ

"ಇದನ್ನು ಯಾಕೆ ಹೀಗೆ ಮಾಡಿದ್ವಿ?" ಅನ್ನುವ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಇದಕ್ಕೆ ಸಾಫ್ಟ್‌ವೇರ್ ಲೇಖಕ ಮೈಕೆಲ್ ನೈಗಾರ್ಡ್ 2011ರಲ್ಲಿ ಒಂದು ಸರಳ ಪದ್ಧತಿ ಬರೆದರು. ಈಗ ಅದನ್ನು ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಅನ್ನುತ್ತಾರೆ. ಒಂದು ತೀರ್ಮಾನಕ್ಕೆ ಒಂದು ಪುಟ, ಕೋಡ್ ಇರುವ ರೆಪೊದಲ್ಲೇ ಇಡುವುದು. ಒಂದು ಮಾದರಿ:

> ವಿಷಯ: ಪೇಮೆಂಟ್ ಗೇಟ್‌ವೇಯಿಂದ ಒಂದೇ ಕಾಲ್‌ಬ್ಯಾಕ್ (ಪಾವತಿಯ ಸುದ್ದಿ ತರುವ ಸಂದೇಶ) ಎರಡು ಸಲ ಬಂದರೆ ಏನು ಮಾಡುವುದು
>
> ಪರಿಸ್ಥಿತಿ: ನಮ್ಮ ಉತ್ತರ ತಡವಾದರೆ ಗೇಟ್‌ವೇ ಮತ್ತೆ ಕಳಿಸುತ್ತದೆ. ಎರಡನೆಯದನ್ನೂ ನಮ್ಮ ಕೋಡ್ ಹೊಸ ಪಾವತಿ ಅಂತ ಬರೆದುಕೊಳ್ಳುತ್ತಿದೆ.
>
> ತೀರ್ಮಾನ: ವಹಿವಾಟಿನ ಐಡಿಗೆ ಡೇಟಾಬೇಸ್‌ನಲ್ಲೇ ಯುನೀಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡು ಸಲ ಸೇರದ ನಿಯಮ). ಎರಡನೇ ಸಲ ಬಂದರೆ ಏನೂ ಬರೆಯದೆ 'ಸಿಕ್ಕಿತು' ಅಂತ ಉತ್ತರ.
>
> ಬಿಟ್ಟ ದಾರಿ: ಮೊದಲು ಹುಡುಕಿ, ಇಲ್ಲದಿದ್ದರೆ ಬರೆಯುವುದು. ಎರಡೂ ಒಂದೇ ಕ್ಷಣಕ್ಕೆ ಬಂದರೆ ಎರಡಕ್ಕೂ 'ಇಲ್ಲ' ಅಂತ ಕಾಣುತ್ತದೆ, ಎರಡೂ ಒಳಗೆ ಹೋಗುತ್ತವೆ.
>
> ಇದರಿಂದ ಬೀಳುವ ಕೆಲಸ: ಟೇಬಲ್‌ನಲ್ಲಿ ಈಗಾಗಲೇ ಇರುವ ಡುಪ್ಲಿಕೇಟ್ ಸಾಲುಗಳನ್ನು ಮೊದಲು ತೆಗೆಯಬೇಕು.

ಇಷ್ಟೇ. "ಬಿಟ್ಟ ದಾರಿ" ಅನ್ನುವ ಭಾಗವನ್ನು ಎಲ್ಲರೂ ಹಾರಿಸುತ್ತಾರೆ, ಮುಂದೆ ಬರುವವರಿಗೆ ಬೇಕಾಗುವುದು ಅದೇ. ಎಲ್ಲದಕ್ಕೂ ಪುಟ ಬರೆಯುತ್ತಾ ಕೂರಬೇಡಿ. ನಾಳೆ ಸುಲಭವಾಗಿ ವಾಪಸ್ ತೆಗೆದುಕೊಳ್ಳಬಹುದಾದ್ದನ್ನು ಕೆಲಸ ಮಾಡುವವರೇ ತೀರ್ಮಾನಿಸಲಿ. ಡೇಟಾ ರೂಪ, ಹೊರಗಿನ ಸಿಸ್ಟಮ್‌ಗಳು ನಮ್ಮದರ ಜೊತೆ ಮಾತಾಡಲು ಬಳಸುವ ಎಪಿಐ, ಹಣ, ಸೆಕ್ಯುರಿಟಿ ಇವುಗಳಿಗೆ ಮಾತ್ರ ಸಾಕು.

ಡಿಸೈನ್ ಚರ್ಚೆಯಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ನೀವು ಮೊದಲು ಹೇಳಿದರೆ ನಮ್ಮ ಕಡೆಯ ಹೆಚ್ಚಿನ ಮೀಟಿಂಗ್‌ಗಳು ಅಲ್ಲಿಗೇ ಮುಗಿಯುತ್ತವೆ. ಎಲ್ಲರೂ ತಲೆ ಆಡಿಸುತ್ತಾರೆ, ಭಿನ್ನಾಭಿಪ್ರಾಯ ಚಹಾ ಕುಡಿಯುವಾಗ ಹೊರಗೆ ಬರುತ್ತದೆ. ಕಿರಿಯರಿಂದ ಶುರು ಮಾಡಿ ಹಿರಿಯರ ಕಡೆ ಬನ್ನಿ.

## ಹಂತ 7: ತಾರೀಖು ಹೇಳುವುದು, ಆಗಲ್ಲ ಅನ್ನುವುದು

ಅಂದಾಜು ಕೇಳಿದಾಗ ಒಂದೇ ತಾರೀಖು ಕೊಡಬೇಡಿ. "ಗೇಟ್‌ವೇಯವರ ಟೆಸ್ಟ್ ಅಕೌಂಟ್ ಈ ವಾರ ಸಿಕ್ಕರೆ 18ಕ್ಕೆ, ಇಲ್ಲದಿದ್ದರೆ 27ಕ್ಕೆ" ಅನ್ನಿ. ಕಾರಣ ಜೊತೆಗಿದ್ದರೆ ಮ್ಯಾನೇಜರ್ ಆ ಅಕೌಂಟ್ ಹಿಂದೆ ಬೀಳುತ್ತಾರೆ. ಬರೀ ತಾರೀಖು ಕೊಟ್ಟರೆ ನಿಮ್ಮ ಹಿಂದೆ ಬೀಳುತ್ತಾರೆ.

ತಡವಾಗುತ್ತಿದೆ ಅಂತ ಗೊತ್ತಾದ ದಿನವೇ ಹೇಳಿ. ಅಮೆರಿಕದ ಕ್ಲೈಂಟ್ ಜೊತೆ ಸಂಜೆ ಏಳೂವರೆಗೆ ಕಾಲ್ ಇದ್ದರೆ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಾದರೆ ಬೆಳಗ್ಗೆ ಹತ್ತು, ಚಳಿಗಾಲವಾದರೆ ಒಂಬತ್ತು. ಅವರು ಆ ಸುದ್ದಿ ಹಿಡಿದು ಇಡೀ ದಿನ ಕೆಲಸ ಮಾಡಬಹುದು. ಕೊನೆಯ ದಿನ ಹೇಳಿದರೆ ಅವರ ಕೈಯಲ್ಲೂ ಏನೂ ಉಳಿಯುವುದಿಲ್ಲ.

ತಡವಾದ ಕೂಡಲೇ "ಇನ್ನಿಬ್ಬರನ್ನು ಕೊಡ್ತೀವಿ" ಅಂತಾರೆ. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಮ್ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು, ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ. ಐದು ಜನ ಇದ್ದರೆ ಪರಸ್ಪರ ಮಾತಾಡಬೇಕಾದ ಜೋಡಿಗಳು 10, ಏಳು ಜನ ಆದರೆ 21. ಹೊಸಬರಿಗೆ ಹೇಳಿಕೊಡುವವರೂ ಈಗಾಗಲೇ ಒದ್ದಾಡುತ್ತಿರುವವರೇ. ಹಾಗಾಗಿ ಜನ ಕೊಡ್ತೀವಿ ಅಂದಾಗ "ಈ ಮೂರು ಫೀಚರ್‌ನಲ್ಲಿ ಯಾವುದನ್ನು ಮುಂದಿನ ರಿಲೀಸ್‌ಗೆ ತಳ್ಳೋಣ?" ಅಂತ ಕೇಳಿ. ಒಂದು ತೆಗೆಯುವ ಆಯ್ಕೆ ಎದುರಿಗೆ ಇಟ್ಟರೆ "ಆಗಲ್ಲ" ಅನ್ನುವ ಮಾತನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೇ ಬರುವುದಿಲ್ಲ.

ಎಚ್ಚರಿಕೆ: ಟೀಮನ್ನು ಕೇಳದೆ ಕಾಲ್‌ನಲ್ಲಿ "ಯೆಸ್, ವಿ ವಿಲ್ ಡು ಇಟ್" ಅಂದುಬಿಟ್ಟರೆ ಆ ವಾರಾಂತ್ಯ ಹೋಗುವುದು ಟೀಮಿನದು. ಎರಡು ಸಲ ಹೀಗಾದರೆ ಒಬ್ಬರಾದರೂ ರೆಸ್ಯೂಮೆ ಅಪ್‌ಡೇಟ್ ಮಾಡುತ್ತಾರೆ.

## ಹಂತ 8: ರಾತ್ರಿ ಸಿಸ್ಟಮ್ ಕೆಟ್ಟಾಗ

ಮೊದಲು ಗ್ರಾಹಕರಿಗೆ ಸೇವೆ ವಾಪಸ್ ಬರಬೇಕು. ಕಾರಣ ಆಮೇಲೆ. ಕೊನೆಯ ಡೆಪ್ಲಾಯ್ ಯಾವಾಗ, ಅದರಲ್ಲಿ ಏನು ಹೋಯಿತು ಅಂತ ನೋಡಿ. ಅದೇ ಕಾರಣ ಅನ್ನುವುದಕ್ಕೆ ಲಾಗ್‌ನಲ್ಲಿ ಒಂದಾದರೂ ಆಧಾರ ಸಿಕ್ಕರೆ ರೋಲ್‌ಬ್ಯಾಕ್ ಮಾಡಿ. ನೈಟ್ ಕ್ಯಾಪಿಟಲ್‌ನವರ ಹಾಗೆ ಕಣ್ಣುಮುಚ್ಚಿ ಬೇಡ.

ಕಾಲ್‌ನಲ್ಲಿ ಹತ್ತು ಜನ ಸೇರಿಕೊಂಡು ಎಲ್ಲರೂ ಒಂದೊಂದು ಬದಲಿಸುತ್ತಾ ಹೋದರೆ ಯಾವುದರಿಂದ ಸರಿಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಒಬ್ಬರು ಕೈ ಹಾಕುವವರು, ಒಬ್ಬರು ಸಮಯ ಸಮೇತ ಬರೆಯುವವರು, ಒಬ್ಬರು ಹೊರಗಿನವರಿಗೆ ಉತ್ತರ ಕೊಡುವವರು. ಲೀಡ್ ಆದವರು ಮೂರನೆಯ ಜಾಗದಲ್ಲಿರಬೇಕು. ಕೀಬೋರ್ಡ್ ಮುಂದೆ ಕೂರಲು ನಿಮಗೆ ತುಂಬಾ ಆಸೆ ಆಗುತ್ತದೆ. ಆದರೆ ಕೆಲಸ ಮಾಡುತ್ತಿರುವವರ ಹತ್ತಿರ ಐದು ನಿಮಿಷಕ್ಕೊಮ್ಮೆ "ಎನಿ ಅಪ್‌ಡೇಟ್?" ಅಂತ ಬರುವವರನ್ನು ತಡೆಯಲು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ಮರುದಿನದ ಆರ್‌ಸಿಎನಲ್ಲಿ (ಮೂಲ ಕಾರಣ ಹುಡುಕುವ ವಿಚಾರಣೆ) ಯಾರ ಹೆಸರೂ ಬೇಡ. "ಇಂಥವರು ತಪ್ಪು ಕಮಾಂಡ್ ಕೊಟ್ಟರು" ಅಂದರೆ ವಿಚಾರಣೆ ಅಲ್ಲಿಗೇ ನಿಂತಿತು. "ಎರಡು ಸರ್ವರ್‌ನ ಟರ್ಮಿನಲ್ಲೂ ಒಂದೇ ಥರ ಕಾಣುತ್ತಿತ್ತು" ಅಂದರೆ ಬಣ್ಣ ಬದಲಿಸುವ ಒಂದು ಕೆಲಸ ಹುಟ್ಟಿತು. ಹುಟ್ಟಿದ ಪ್ರತಿ ಕೆಲಸಕ್ಕೂ ಮಾಡುವವರು ಯಾರು, ಯಾವ ತಾರೀಖಿಗೆ ಅಂತ ಅಲ್ಲೇ ಬರೆಯಿರಿ.

ಮೇಲಿನವರು ಹೆಸರು ಕೇಳುತ್ತಾರೆ. ಆಗ ನಿಮ್ಮ ಹೆಸರು ಕೊಡಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಹಾರಾಟ ಸೋತಾಗ ಪತ್ರಕರ್ತರ ಎದುರು ಕೂತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಮಾತಾಡಲು ಕಳಿಸಿದ್ದು ಯೋಜನಾ ನಿರ್ದೇಶಕ ಕಲಾಂ ಅವರನ್ನು. ಎಲ್ಲ ಟ್ರೈನಿಂಗ್‌ನಲ್ಲೂ ಈ ಕಥೆ ಹೇಳಿ ಹೇಳಿ ಸವೆಸಿದ್ದಾರೆ. ಎಸ್ಕಲೇಶನ್ ಮೇಲ್ (ಮೇಲಿನವರ ತನಕ ಹೋದ ದೂರು) ಬಂದ ದಿನ ಅದನ್ನು ನೆನಪಿಟ್ಟುಕೊಳ್ಳುವವರು ಮಾತ್ರ ಕಡಿಮೆ.

## ಹಂತ 9: ಒಂದು ವಾರ ರಜೆ ಹಾಕಿ

ಮೂರನೇ ತಿಂಗಳ ಕೊನೆಗೆ ಒಂದು ವಾರ ಪೂರ್ತಿ ರಜೆ. ಲ್ಯಾಪ್‌ಟಾಪ್ ಮನೆಯಲ್ಲಿ. ಇದನ್ನು ಪರೀಕ್ಷೆ ಅಂತಲೇ ಇಟ್ಟುಕೊಳ್ಳಿ. ಹೋಗುವ ಮೊದಲು ನಿಮ್ಮ ಜಾಗದಲ್ಲಿ ಯಾರು ಅಂತ ಹೆಸರು ಹೇಳಿ, ಅವರಿಗೆ ತೀರ್ಮಾನ ಮಾಡುವ ಅಧಿಕಾರ ಇದೆ ಅಂತ ಮ್ಯಾನೇಜರ್‌ಗೂ ಮೇಲ್ ಹಾಕಿ.

ವಾಪಸ್ ಬಂದು ಮೂರು ವಿಷಯ ನೋಡಿ. ಯಾವ ಕೆಲಸ ನಿಮಗಾಗಿ ಕಾದು ಕೂತಿತ್ತು? ಯಾವ ತೀರ್ಮಾನ ನಿಮಗಿಂತ ಬೇರೆ ಥರ ಮಾಡಿದರು, ಅದರಿಂದ ನಿಜವಾಗಿ ಏನಾದರೂ ಕೆಟ್ಟಿತಾ? ಯಾರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಿಭಾಯಿಸಿದರು? ಮೊದಲನೆಯದರ ಉತ್ತರ ಹಿಡಿದು ಹಂತ 2ರ ನಕ್ಷೆ ಮತ್ತೆ ಬರೆಯಿರಿ. ಎರಡನೆಯದರಲ್ಲಿ ಏನೂ ಕೆಟ್ಟಿಲ್ಲವಾದರೆ ಆ ಥರದ ತೀರ್ಮಾನಗಳನ್ನು ಇನ್ನು ಮುಂದೆ ನೀವು ಮಾಡಬೇಡಿ.

## ಈ ಕೆಲಸ ಒಗ್ಗದಿದ್ದರೆ

ಆರು ತಿಂಗಳಾದರೂ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ, ಕೋಡ್ ಬರೆಯದ ದಿನವೆಲ್ಲ ದಂಡ ಅನ್ನಿಸುತ್ತಿದೆ ಅಂದರೆ ಮ್ಯಾನೇಜರ್ ಹತ್ತಿರ ಮಾತಾಡಿ. ಹಲವು ಕಂಪನಿಗಳಲ್ಲಿ ಜನರನ್ನು ನೋಡಿಕೊಳ್ಳದೆಯೂ ಮೇಲೆ ಹೋಗುವ ದಾರಿ ಇದೆ. ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಅನ್ನುವ ಹುದ್ದೆಗಳು ಅದಕ್ಕೇ ಇರುವುದು. ಮನೆಯಲ್ಲಿ "ಲೀಡ್ ಆಗಿದ್ದವನು ಕೆಳಗೆ ಬಂದ" ಅಂತ ಕೇಳುವವರು ಇರುತ್ತಾರೆ. ಅದಕ್ಕೆ ಹೆದರಿ ಎರಡು ವರ್ಷ ಎಳೆಯಬೇಡಿ.

ಬರಿಗೈಯಲ್ಲಿ ಹೋಗಿ ಆಗಲ್ಲ ಅನ್ನಬೇಡಿ. ಒಂದು ಪುಟ ಬರೆದುಕೊಂಡು ಹೋಗಿ: ಈಗ ನಿಮ್ಮ ಕೈಯಲ್ಲಿರುವ ಕೆಲಸಗಳು, ಒಂದೊಂದನ್ನೂ ಯಾರು ತೆಗೆದುಕೊಳ್ಳಬಹುದು, ಅವರಿಗೆ ಎಷ್ಟು ವಾರ ಜೊತೆಗಿರಬೇಕು, ಆಮೇಲೆ ನೀವು ಯಾವ ಕೆಲಸ ಮಾಡಬೇಕು ಅಂತಿದ್ದೀರಿ. ನಡುವೆ ರಿಲೀಸ್ ಇದ್ದರೆ ಅದು ಮುಗಿದ ಮೇಲಿನ ತಾರೀಖು ಹಾಕಿ.